ಮೈಕಮ್ಮ ಅತ್ತೆಗೆ ಸೇತುವೆ ತೋರಿಸಿದ್ದು

ಬಸ್ ಸ್ಟ್ಯಾಂಡಿನಲ್ಲಿ ಆಕೆ ಬಾಯಿ ತೆರೆದರೆ ಸಾಕು, ನೂರಾರು ಜನ ಎದ್ದು ಓಡುತ್ತಿದ್ದರು. ಅರ್ಧ ಕುಡಿದ ಟೀ ಅಲ್ಲೇ ಬಿಟ್ಟು ಓಡುವವರು, ಒಂದು ಕೈಯಲ್ಲಿ ಮಗು ಇನ್ನೊಂದು ಕೈಯಲ್ಲಿ ಟ್ರಂಕು ಹಿಡಿದು ಓಡುವವರು, ತಮ್ಮ ಬಸ್ಸಲ್ಲದಿದ್ದರೂ ಎಲ್ಲರೂ ಓಡುತ್ತಿದ್ದಾರಲ್ಲ ಎಂದು ಓಡುವವರು. ಮನೆಯಲ್ಲಿ ಅದೇ ಬಾಯಿ ತೆರೆದು "ಆ ಫ್ಯಾನ್ ಸ್ವಲ್ಪ ಆರಿಸ್ರೀ" ಎಂದರೆ ಗಂಡ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಊರಿಗೆಲ್ಲ ಆಕೆ ಮೈಕಮ್ಮ. ಧ್ವನಿ ಗೊತ್ತಿಲ್ಲದವರಿರಲಿಲ್ಲ, ಮುಖ ಗೊತ್ತಿದ್ದವರೂ ಇರಲಿಲ್ಲ. ಆಕೆ ಕೂರುತ್ತಿದ್ದುದು ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ ಮೆಟ್ಟಿಲು ಹತ್ತಿದರೆ ಸಿಗುವ ಗಾಜಿನ ಕೋಣೆಯಲ್ಲಿ. ಬಿಸಿಲು ಹೊಡೆಯುತ್ತದೆಂದು ಯಾರೋ ಅರ್ಧ ಗಾಜಿಗೆ ಹಸಿರು ಬಣ್ಣ ಬಳಿದಿದ್ದರು. ಹೀಗಾಗಿ ಕೆಳಗಿನವರಿಗೆ ಆಕೆಯ ತುರುಬು ಮಾತ್ರ ಕಾಣುತ್ತಿತ್ತು. ಒಮ್ಮೆ ತರಕಾರಿ ಅಂಗಡಿಯಲ್ಲಿ ಆಕೆಯ ಪಕ್ಕದಲ್ಲೇ ನಿಂತಿದ್ದ ಹೆಂಗಸೊಬ್ಬಳು, "ಆ ಬಸ್ ಸ್ಟ್ಯಾಂಡ್ ಹೆಂಗಸು ಬಾಗಿಲಷ್ಟು ಎತ್ತರ ಇದ್ದಾಳಂತೆ" ಎಂದು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಆ ಹೆಂಗಸಿನ ಭುಜದ ಮಟ್ಟಕ್ಕೂ ಬರದ ಮೈಕಮ್ಮ ಸುಮ್ಮನೆ ಟೊಮೆಟೊ ಆರಿಸಿಕೊಂಡಳು.

ಕೆಲಸದಲ್ಲಿ ಮಾತ್ರ ಆಕೆಯನ್ನು ಮೀರಿಸುವವರಿರಲಿಲ್ಲ. ಊರಿನ ಹೆಸರು ಹೇಳಿದ ಮೇಲೆ ಒಬ್ಬ ಮುದುಕ ಎದ್ದು ನಿಲ್ಲುವಷ್ಟು ಹೊತ್ತು ಬಿಡಬೇಕು. ಪ್ಲಾಟ್‌ಫಾರ್ಮ್ ಯಾವುದೆಂದು ಹೇಳಿದ ಮೇಲೆ ಅವನು ಎಡವಿ ಬೀಳದೆ ನಾಲ್ಕು ಹೆಜ್ಜೆ ಹಾಕುವಷ್ಟು ಹೊತ್ತು ಬಿಡಬೇಕು. ಒಂದೊಂದು ಮಾತನ್ನೂ ತೊಳೆದು ಒರೆಸಿ ಇಟ್ಟಂತೆ ಹೇಳಬೇಕು. ಆಕೆಯ ಮಾತು ನಂಬಿ ತಪ್ಪು ಬಸ್ಸು ಹತ್ತಿದ ಪ್ರಯಾಣಿಕ ಈವರೆಗೆ ಒಬ್ಬನೂ ಇರಲಿಲ್ಲ. ಆ ಹೆಮ್ಮೆ ಆಕೆಗೆ ಮೂಗಿನ ತುದಿಯಲ್ಲೇ ಇತ್ತು.

ಹೇಳಬೇಕಾದ ಇನ್ನೊಂದು ಮಾತಿದೆ. ಆ ಸ್ಟ್ಯಾಂಡಿನಲ್ಲಿ ಮೈಕುಗಳು ಎರಡು. ಹೊರಡುವ ಬಸ್ಸುಗಳು ಮೈಕಮ್ಮನ ಪಾಲಿಗೆ, ಬರುವ ಬಸ್ಸುಗಳು ಆಚೆ ಕೋಣೆಯ ಗಂಡಸಿನ ಪಾಲಿಗೆ. ಆ ಮನುಷ್ಯನ ಕೆಲಸದ ಬಗ್ಗೆ ಮೈಕಮ್ಮನಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಬಂದ ಬಸ್ಸು ಕಣ್ಣಿಗೇ ಕಾಣುತ್ತದೆ, ಅದನ್ನು ಬಾಯಿ ಬಿಟ್ಟು ಹೇಳುವುದೇನು ಎಂಬುದು ಆಕೆಯ ವಾದ. ಅವನು ಮಾತಾಡಿದಾಗೆಲ್ಲ ಆಕೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ಮನೆಯಲ್ಲಿ ಆಕೆಯ ಮಾತು ಕೇಳುತ್ತಿದ್ದ ಜೀವ ಒಂದೇ ಒಂದು, ಅದು ಅತ್ತೆ. ತಮಾಷೆಯೆಂದರೆ ಅತ್ತೆಗೆ ಕಿವಿ ಮಂದ. ಮಗ ಗೊಣಗಿದರೆ ಕೇಳಿಸದು, ಮಗಳು ಕಿರುಚಿದರೆ ಇನ್ನೂ ಕೇಳಿಸದು. ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ "ಇದರಲ್ಲಿ ಬೇಡದ್ದೆಲ್ಲ ಕೇಳಿಸುತ್ತೆ" ಎಂದು ಡಬ್ಬದಲ್ಲಿ ಹಾಕಿಟ್ಟಿದ್ದರು. ಆದರೆ ಸೊಸೆ ಎದುರಿಗೆ ಕೂತು, ಬಸ್ ಸ್ಟ್ಯಾಂಡಿನ ಹದದಲ್ಲಿ, ಬಿಡಿಸಿ ಬಿಡಿಸಿ ಹೇಳಿದರೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಸಂಜೆ ಮೈಕಮ್ಮ ಬಂದು ಕಾಲು ತೊಳೆಯುವುದನ್ನೇ ಅತ್ತೆ ಕಾಯುತ್ತಿದ್ದರು. ಯಾವ ಬಸ್ಸು ಕೆಟ್ಟು ನಿಂತಿತು, ಯಾರು ಯಾರ ಮೇಲೆ ರೇಗಿದರು, ಯಾವ ಗಂಡ ಹೆಂಡತಿಯನ್ನು ಬಿಟ್ಟು ಬಸ್ಸು ಹತ್ತಿಬಿಟ್ಟ, ಎಲ್ಲವೂ ಬೇಕು. ಬೇರೆ ಯಾರು ಏನೇ ಮಾತಾಡಿದರೂ ಅತ್ತೆ ಸೊಸೆಯ ಕಡೆಗೆ ತಿರುಗಿ "ಏನಂತೆ?" ಎನ್ನುತ್ತಿದ್ದರು. ಮೈಕಮ್ಮ ಹೇಳಿದ ಮೇಲೇ ಅದು ಆ ಮನೆಯಲ್ಲಿ ನಡೆದಂತೆ.

ಈ ಸುಖಕ್ಕೆ ಒಂದು ಭಾನುವಾರ ಕಲ್ಲು ಬಿತ್ತು. ಗಂಡನ ಅಕ್ಕ ಬಂದರು, ಕೈಯಲ್ಲಿ ಅಳತೆ ಟೇಪು. ಮನೆಯವರಿಗೆಲ್ಲ ಅವರು ದೊಡ್ಡಕ್ಕ. ಆಸ್ಪತ್ರೆಯ ಒಂದು ವಾರ್ಡನ್ನು ಬಹುಕಾಲ ಆಳಿದವರು. ಅವರ ವಾರ್ಡಿನಲ್ಲಿ ರೋಗಿಗಳು ಅವರನ್ನು ಕೇಳದೆ ಕೆಮ್ಮುತ್ತಲೂ ಇರಲಿಲ್ಲ ಎಂದು ಪ್ರತೀತಿ. ನಿವೃತ್ತಿಯಾದ ಮೇಲೆ ಆಳಲು ಯಾರೂ ಇಲ್ಲದೆ ಅವರಿಗೆ ಕೈ ಕಟ್ಟಿ ಹಾಕಿದಂತಾಗಿತ್ತು. ಬಂದವರೇ ಚಪ್ಪಲಿ ಬಿಟ್ಟು, ನೇರ ಒಳಗೆ ಹೋಗಿ, ಅಮ್ಮನ ಮಂಚದ ಉದ್ದ ಅಳೆಯತೊಡಗಿದರು.

"ನನ್ನ ರೂಮಲ್ಲಿ ಕಿಟಕಿ ಪಕ್ಕ ಸರಿಯಾಗಿ ಕೂರುತ್ತೆ" ಎಂದರು.

"ಏನು ಕೂರುತ್ತೆ, ದೊಡ್ಡಕ್ಕಾ?" ಎಂದಳು ಮೈಕಮ್ಮ. ಕೈಯಲ್ಲಿದ್ದ ಟೀ ಲೋಟ ಕೈಯಲ್ಲೇ ಉಳಿಯಿತು.

"ಅಮ್ಮನ ಮಂಚ. ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ. ನೋಡಮ್ಮ, ನೀನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀಯ. ಇವನು ಅಂಗಡೀಲಿ ಕೂತಿರ್ತಾನೆ. ಅಮ್ಮ ದಿನವಿಡೀ ಗೋಡೆ ನೋಡ್ಕೊಂಡು ಕೂತಿರಬೇಕಾ? ಅವಳನ್ನ ನೀವು ಕೊನೇ ಸಲ ಹೊರಗೆ ಕರ್ಕೊಂಡು ಹೋಗಿದ್ದು ಯಾವಾಗ, ಹೇಳು ನೋಡೋಣ."

ಮೈಕಮ್ಮ ನೆನಪನ್ನು ಎಷ್ಟು ಹಿಂದಕ್ಕೆ ಎಳೆದರೂ ಅಂಥ ಒಂದು ದಿನ ಸಿಗಲಿಲ್ಲ. ಅತ್ತೆ ಇಲ್ಲದ ಮನೆಯಲ್ಲಿ ಸಂಜೆ ಬಂದು ಕಾಲು ತೊಳೆದು ಯಾರ ಮುಂದೆ ಕೂರುವುದು? ಗೋಡೆಯ ಮುಂದೆಯೋ, ಪೇಪರಿನ ಮುಂದೆಯೋ? ಆ ಗಾಬರಿಯಲ್ಲೇ ಬಾಯಿಂದ ಮಾತು ಜಾರಿತು.

"ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಕರ್ಕೊಂಡು ಹೋಗ್ತಾ ಇದ್ದೀವಿ. ಸೇತುವೆ ಕೇಂದ್ರಕ್ಕೆ."

ಸೇತುವೆ ಕೇಂದ್ರ ಗಾಳಿಯಿಂದ ಬಂದದ್ದಲ್ಲ. ಹೊಳೆ ದಂಡೆಯ ಹಳೇ ಸೇತುವೆಯ ಪಕ್ಕ, ಹಿಂದೆ ಸುಂಕ ವಸೂಲಿ ಮಾಡುತ್ತಿದ್ದ ಕಟ್ಟೆಮನೆಯಲ್ಲಿ, ಹೊಸದಾಗಿ ಒಂದು ಪರಂಪರೆ ಕೇಂದ್ರ ತೆರೆದಿದ್ದರು. ಹಗ್ಗದ ಸೇತುವೆ, ದೋಣಿ ಜೋಡಿಸಿದ ಸೇತುವೆ, ಕಲ್ಲಿನ ಸೇತುವೆ, ಇವನ್ನೆಲ್ಲ ಹಿಂದಿನವರು ಹೇಗೆ ಕಟ್ಟಿದರೆಂದು ಅಲ್ಲಿ ತೋರಿಸುತ್ತಾರಂತೆ. "ಐತಿಹಾಸಿಕ ನದಿ ಸೇತುವೆಗಳ ಕೇಂದ್ರಕ್ಕೆ ಹೋಗುವವರು ಇದೇ ಬಸ್ಸನ್ನು ಹತ್ತಬೇಕು" ಎಂದು ಮೇಲಿನವರು ಮೈಕಮ್ಮನ ಬಾಯಿಗೆ ಹೊಸ ಮಾತು ಸೇರಿಸಿದ್ದರು. ಊರಿಗೂರನ್ನೇ ಅಲ್ಲಿಗೆ ಕಳಿಸುತ್ತಿದ್ದ ಆಕೆ ತಾನು ಮಾತ್ರ ಆ ಕಡೆ ತಲೆ ಹಾಕಿರಲಿಲ್ಲ. ಆದರೆ ಹೇಳಿದಾಗೆಲ್ಲ ಅತ್ತೆಯ ನೆನಪಾಗುತ್ತಿತ್ತು, ಅದಕ್ಕೆ ಕಾರಣವಿತ್ತು.

ಅತ್ತೆಗೆ ಒಂದು ಪ್ರಶ್ನೆಯಿತ್ತು. ಮದುವೆಯಾದ ಹೊಸದರಲ್ಲಿ ಯಾವುದೋ ಹೊಳೆ ದಾಟುವಾಗ ಹುಟ್ಟಿದ ಪ್ರಶ್ನೆ. ನೀರು ಹರಿಯುತ್ತಲೇ ಇರುತ್ತದಲ್ಲ, ಅದರ ನಟ್ಟ ನಡುವೆ ಕಲ್ಲಿನ ಕಂಬವನ್ನು ಹೇಗೆ ನಿಲ್ಲಿಸಿದರು? ಗಂಡನನ್ನು ಕೇಳಿದರೆ "ನಿಲ್ಲಿಸಿದ್ರು, ಅಷ್ಟೇ" ಎಂದರಂತೆ. ಮಗನ ಮೇಷ್ಟರನ್ನು ಕೇಳಿದರೆ ಅವರು ಮಗನ ಮಾರ್ಕ್ಸ್ ವಿಷಯ ಎತ್ತಿದರಂತೆ. ಹಿಂದಿನ ಮನೆಗೆ ಎಂಜಿನಿಯರ್ ಒಬ್ಬ ಬಾಡಿಗೆಗೆ ಬಂದಾಗ ಅತ್ತೆಗೆ ಆಸೆ ಚಿಗುರಿತು. ಅವನು ಕೈ ಆಡಿಸಿ ಬಹಳ ಹೊತ್ತು ವಿವರಿಸಿದ. ಆದರೆ ಅಷ್ಟರಲ್ಲಿ ಕಿವಿ ಹೋಗಿತ್ತು, ಅವನ ಮೀಸೆಯೂ ದಪ್ಪವಿತ್ತು. ಹೀಗೆ ಪ್ರಶ್ನೆ ಅತ್ತೆಯ ಜೊತೆಗೇ ಮುದಿಯಾಯಿತು.

ದೊಡ್ಡಕ್ಕ ಟೇಪನ್ನು ಸುತ್ತಿದರು. "ಸರಿ. ಹೋಗೋಣ, ನಾನೂ ಬರ್ತೀನಿ. ಬೆಳಿಗ್ಗೆ ಕರ್ಕೊಂಡು ಹೋಗಿ, ಕತ್ತಲಾಗೋ ಮುಂಚೆ ಅಮ್ಮನ್ನ ಸುಸೂತ್ರವಾಗಿ ಮನೆಗೆ ಸೇರಿಸು. ಸೇರಿಸಿದ್ರೆ ಮಂಚದ ಮಾತು ನಾನು ಮತ್ತೆ ಎತ್ತಲ್ಲ. ಇಲ್ಲಾಂದ್ರೆ ಮಾರನೇ ದಿನವೇ ಗಾಡಿ ತರ್ತೀನಿ. ಒಪ್ಪಿಗೇನಾ?"

"ಒಪ್ಪಿಗೆ" ಎಂದಳು ಮೈಕಮ್ಮ. ಬಸ್ಸಿನ ವಿಷಯದಲ್ಲಿ ತನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ ಎಂಬ ಧೈರ್ಯ.

"ಏನಂತೆ?" ಎಂದರು ಅತ್ತೆ.

"ಸೇತುವೆ. ನೋಡಕ್ಕೆ. ಹೋಗೋಣ ಅಂತೆ" ಎಂದಳು ಮೈಕಮ್ಮ. ಮಂಚದ ವಿಷಯ ನುಂಗಿಕೊಂಡಳು. ಅತ್ತೆಯ ಮುಖ ಅರಳಿತು.

ಅಂದಿನಿಂದ ಮನೆ ಬಸ್ ಸ್ಟ್ಯಾಂಡಾಯಿತು. ಊಟ ಮಾಡುವಾಗಲೂ ಮೈಕಮ್ಮನ ತಲೆಯಲ್ಲಿ ಬಸ್ಸೇ ಓಡುತ್ತಿತ್ತು. ಬೆಳಗಿನ ಮೊದಲ ಬಸ್ಸು ಬೇಡ, ಅದರ ಸೀಟು ಗಟ್ಟಿ. ಎರಡನೆಯದು ಬೇಡ, ಅದರ ಡ್ರೈವರ್ ಗುಂಡಿಗಳನ್ನು ಪ್ರೀತಿಯಿಂದ ಹುಡುಕಿ ಹುಡುಕಿ ಇಳಿಸುತ್ತಾನೆ. ಮೂರನೆಯದು ಸರಿ. ಎಡಗಡೆ ಕೂತರೆ ಬಿಸಿಲು ಮುಖಕ್ಕೆ, ಆದ್ದರಿಂದ ಬಲಗಡೆ. ಚಕ್ರದ ಮೇಲಿನ ಸೀಟು ಬೇಡ, ಅತ್ತೆಯ ಮಂಡಿ ಒಪ್ಪುವುದಿಲ್ಲ. ಅಡುಗೆಮನೆಯ ಸ್ಟೂಲುಗಳನ್ನು ಸಾಲಾಗಿ ಇಟ್ಟು ಯಾರು ಎಲ್ಲಿ ಕೂರಬೇಕೆಂದು ಅಭ್ಯಾಸವೂ ಆಯಿತು. ಅತ್ತೆ ತಮ್ಮ ಸ್ಟೂಲನ್ನು ಎತ್ತಿ ಕಿಟಕಿಯ ಹತ್ತಿರ ಹಾಕಿಕೊಂಡು ಬೀದಿ ನೋಡುತ್ತ, "ಬಸ್ಸು ಚೆನ್ನಾಗಿದೆ, ಹೊರಡೋದು ಯಾವಾಗ?" ಎಂದರು.

ದೊಡ್ಡ ತೊಡಕು ಗಂಡನದು. ಅವನು ಬೀಗ ರಿಪೇರಿಯವನು. ಊರಿನ ಯಾವ ಬೀಗವನ್ನಾದರೂ ಕಣ್ಣು ಮುಚ್ಚಿ ತೆರೆಯಬಲ್ಲವನಾದ್ದರಿಂದ ಅವನಿಗೆ ಯಾವ ಬೀಗದ ಮೇಲೂ ನಂಬಿಕೆ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿ ತಿರುವಿನವರೆಗೆ ಹೋಗಿ, ವಾಪಸ್ ಬಂದು, ಮತ್ತೆ ಜಗ್ಗಿ ನೋಡುವುದು ಅವನ ಪದ್ಧತಿ. ಹೀಗೆ ಜಗ್ಗಿ ಜಗ್ಗಿಯೇ ಬಾಗಿಲಿನ ಚಿಲಕ ಎರಡು ಸಲ ಕಿತ್ತು ಬಂದಿತ್ತು. ಮನೆಯವರೆಲ್ಲ ಒಟ್ಟಿಗೆ ಹೊರಗೆ ಹೋಗದೆ ವರ್ಷಗಳಾಗಿದ್ದರೆ ಅದಕ್ಕೆ ಮುಖ್ಯ ಕಾರಣ ಆ ಬೀಗ.

"ನೀವು ಮೂರು ಜನ ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ" ಎಂದ ಅವನು, ಅಭ್ಯಾಸದ ಸ್ಟೂಲಿನಿಂದ ಏಳುತ್ತ.

"ಮನೇನ ಏನು ನೋಡ್ತೀರ್ರೀ, ಅದು ಎಲ್ಲಿಗೆ ಓಡಿಹೋಗುತ್ತೆ?"

"ನಿನಗೇನು ಗೊತ್ತು ಇವಳೇ. ನಮ್ಮ ಬಾಗಿಲ ಬೀಗ ತೆಗಿಯಕ್ಕೆ ಒಂದು ಹೇರ್‌ಪಿನ್ ಸಾಕು."

"ಏನಂತೆ?" ಎಂದರು ಅತ್ತೆ. ಮೈಕಮ್ಮ ಹೇಳಿದಳು. ಅತ್ತೆ ಮಗನನ್ನು ಮೇಲಿನಿಂದ ಕೆಳಗೆ ನೋಡಿದರು.

"ಲೋ, ಈ ಮನೇಲಿ ಬೆಲೆ ಬಾಳೋ ಸಾಮಾನು ಅಂದ್ರೆ ನಿನ್ನ ಆ ಬೀಗ ಒಂದೇ ಕಣೋ. ಅದನ್ನ ಬಿಚ್ಚಿ ಜೇಬಲ್ಲಿ ಹಾಕ್ಕೊಂಡು ಬಾ. ಕಳ್ಳ ಬಂದ್ರೆ ನೋಡಿ ಅತ್ತುಬಿಟ್ಟು ಹೋಗ್ಲಿ."

ಮೈಕಮ್ಮ ನಕ್ಕು ನಕ್ಕು ಸ್ಟೂಲು ಹಿಡಿದುಕೊಂಡಳು. ಗಂಡನಿಗೆ ಬೇರೆ ದಾರಿ ಉಳಿಯಲಿಲ್ಲ. ಒಂದೇ ಸಲ ಜಗ್ಗುತ್ತೇನೆ, ತಿರುವಿನಿಂದ ವಾಪಸ್ ಬರುವುದಿಲ್ಲ ಎಂದು ಅಮ್ಮನ ಕೈ ಮುಟ್ಟಿ ಮಾತು ಕೊಟ್ಟ. ಎದುರುಮನೆಯ ದರ್ಜಿಗೆ ಮಾತ್ರ ಬಾಗಿಲ ಕಡೆ ಮುಖ ಮಾಡಿ ಹೊಲಿಗೆ ಹಾಕುವಂತೆ ಗುಟ್ಟಾಗಿ ಹೇಳಿ ಬಂದ.

ಆ ಭಾನುವಾರ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ದೊಡ್ಡಕ್ಕ ಥರ್ಮಾಮೀಟರ್, ಮಂಡಿಗೆ ಹಚ್ಚುವ ಮುಲಾಮು, ಕೊಡೆ, ಎರಡು ಶಾಲು ಹೊತ್ತುಕೊಂಡು ಬಂದರು. ತಪ್ಪು ಹುಡುಕಲು ಬಂದ ಇನ್ಸ್‌ಪೆಕ್ಟರಂತೆ ಎಲ್ಲವನ್ನೂ ಕಣ್ಣಲ್ಲೇ ಗುರುತು ಹಾಕಿಕೊಳ್ಳುತ್ತಿದ್ದರು. ಬಸ್ಸು ಮೈಕಮ್ಮ ಹೇಳಿದ ಹೊತ್ತಿಗೆ ಬಂತು, ಹೇಳಿದ ಜಾಗದಲ್ಲಿ ನಿಂತಿತು. ಬಲಗಡೆ, ಚಕ್ರದಿಂದ ದೂರ, ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಬಿಸಿಲು ಕೂಡ ಮಾತು ಕೇಳಿ ಎಡಗಡೆಯೇ ಬಿತ್ತು. ಅತ್ತೆ ಕಿಟಕಿಯಿಂದ ಮುಖ ತೆಗೆಯಲಿಲ್ಲ. ತಪ್ಪು ಸಿಗದೆ ದೊಡ್ಡಕ್ಕ ಕೊಡೆಯನ್ನು ಇನ್ನೊಮ್ಮೆ ಬಿಗಿಯಾಗಿ ಮಡಿಚಿದರು. ಮೈಕಮ್ಮ ಮನಸ್ಸಿನಲ್ಲೇ ಮಂಚವನ್ನು ಅದರ ಜಾಗಕ್ಕೆ ವಾಪಸ್ ಎಳೆದಿಟ್ಟಳು.

ಕೇಂದ್ರ ದೊಡ್ಡದೇನಲ್ಲ. ದಪ್ಪ ಗೋಡೆಯ ಹಳೇ ಕಟ್ಟೆಮನೆ, ಒಳಗೆ ತಂಪು, ಕಿಟಕಿಯಾಚೆ ಹೊಳೆ ಮತ್ತು ಅದರ ಮೇಲೆ ಸಾಲು ಕಮಾನುಗಳ ಕಲ್ಲಿನ ಸೇತುವೆ. ಬಾಗಿಲಲ್ಲೇ ಗಂಡ ಸಿಕ್ಕಿಹಾಕಿಕೊಂಡ. ಗಾಜಿನ ಪೆಟ್ಟಿಗೆಯಲ್ಲಿ ಸುಂಕದ ಗೇಟಿನ ಹಳೇ ಬೀಗವಿತ್ತು, ಹಲಸಿನ ಕಾಯಿಯಷ್ಟು ದಪ್ಪ. ಅದನ್ನು ಸುತ್ತಿ ಸುತ್ತಿ ನೋಡಿ, "ಇಷ್ಟು ದಪ್ಪ ಇದ್ದು ಏನು ಪ್ರಯೋಜನ, ನಾನು ತೆಗೀತೀನಿ" ಎಂದುಬಿಟ್ಟ. ಅಲ್ಲಿಂದ ಮುಂದೆ ಕಾವಲುಗಾರ ಅವನ ಪಕ್ಕ ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಸ್ನೇಹವಾಗಿ ಬೆಂಚಿನ ಮೇಲೆ ಕೂತು ಕಳ್ಳರ ಬಗ್ಗೆ ಮಾತಾಡತೊಡಗಿದರು.

ಒಳಕೋಣೆಯ ನಡುವೆ ಒಂದು ತೊಟ್ಟಿ. ಅದರಲ್ಲಿ ನಿಜವಾದ ನೀರು ಹರಿಯುತ್ತಿತ್ತು. ನೀರಿನ ನಡುವೆ ಮರದ ಗೂಟಗಳ ಒಂದು ಪುಟ್ಟ ಬಳೆ, ಪಕ್ಕದಲ್ಲಿ ಕೈಯಿಂದ ಒತ್ತುವ ಚಿಕ್ಕ ಪಂಪು. ವಿವರಿಸಲು ಒಬ್ಬ ಗೈಡ್ ನಿಂತಿದ್ದ. ವಿಷಯ ಬಲ್ಲವನೇ, ಪಾಪ, ಆದರೆ ನೆಗಡಿಯಾಗಿತ್ತು. ಮಾತು ಬಾಯಿಂದ ಹೊರಟು ಮೂಗಿನಲ್ಲಿ ತಂಗಿ ಹೊರಬರುತ್ತಿತ್ತು.

ಅತ್ತೆ ತೊಟ್ಟಿಯನ್ನು ನೋಡಿದವರೇ ನಿಂತುಬಿಟ್ಟರು. ತಮ್ಮ ಪ್ರಶ್ನೆ ಕಣ್ಣೆದುರು ನೀರಲ್ಲಿ ನಿಂತಿತ್ತು. ಗೈಡ್ ಮೊದಲ ಮಾತು ಮುಗಿಸಿದ ಕೂಡಲೇ ಅತ್ತೆ ಸೊಸೆಯ ಸೆರಗು ಜಗ್ಗಿದರು.

"ಏನಂತೆ?"

ಮೈಕಮ್ಮ ಗಂಟಲು ಸರಿ ಮಾಡಿಕೊಂಡಳು. "ಅತ್ತೆ. ಮೊದಲು. ಹೊಳೆಯ ನಡುವೆ. ಮರದ ಗೂಟಗಳನ್ನ. ಒತ್ತೊತ್ತಾಗಿ. ಸುತ್ತಲೂ ಹೂಳ್ತಾರೆ."

ಕೋಣೆಯ ಆ ಮೂಲೆಯಲ್ಲಿದ್ದವರು ತಿರುಗಿ ನೋಡಿದರು. ಒಬ್ಬಾತ ಅಭ್ಯಾಸಬಲದಿಂದ ಚೀಲ ಎತ್ತಿಕೊಂಡ.

"ಗೂಟದ ಸಂದಿಗೆಲ್ಲ. ಜೇಡಿಮಣ್ಣು ಮೆತ್ತುತ್ತಾರೆ. ಆಗ ಹೊರಗಿನ ನೀರು. ಒಳಗೆ ಬರಲ್ಲ."

ಗೈಡ್ ಮೂಗಲ್ಲಿ ಹೇಳುತ್ತಿದ್ದ, ಮೈಕಮ್ಮ ಬಾಯಲ್ಲಿ ಹೇಳುತ್ತಿದ್ದಳು. ಜನ ಒಬ್ಬೊಬ್ಬರಾಗಿ ಹತ್ತಿರ ಬಂದು ತೊಟ್ಟಿಯ ಸುತ್ತ ಸಾಲಾಗಿ ನಿಂತರು. ಯಾರೂ ನಿಲ್ಲಿ ಎಂದಿರಲಿಲ್ಲ, ಆ ಧ್ವನಿ ಕೇಳಿದರೆ ಅವರಿಗೆ ಸಾಲು ಕಟ್ಟಿ ಅಭ್ಯಾಸ. ಗೈಡಿಗೂ ಖುಷಿಯಾಗಿ ಇನ್ನಷ್ಟು ವಿವರ ಕೊಡತೊಡಗಿದ.

"ಆಮೇಲೆ. ಒಳಗಿರೋ ನೀರನ್ನ. ಎತ್ತಿ ಎತ್ತಿ. ಹೊರಗೆ ಹಾಕ್ತಾರೆ. ಹೊಳೆ ನಡುವೆ. ಒಣಗಿದ ನೆಲ ಸಿಗುತ್ತೆ. ಅಲ್ಲಿ ನಿಂತು. ಕಂಬ ಕಟ್ತಾರೆ."

ಅತ್ತೆ ಬಗ್ಗಿ ತೊಟ್ಟಿಯೊಳಗೆ ಇಣುಕಿದರು. ಆಮೇಲೆ, "ಅಯ್ಯೋ, ಇಷ್ಟೇನಾ! ಬಾವಿ ತೋಡಿದ ಹಾಗೆ, ಆದ್ರೆ ನೀರೊಳಗೆ. ನಿಮ್ಮ ಮಾವನೋರಿಗೆ ಇದು ಹೇಳಕ್ಕೆ ಬರಲಿಲ್ಲ ನೋಡು" ಎಂದು ಪಂಪಿಗೆ ಕೈ ಹಾಕಿದರು. ಒತ್ತಿದರು. ಬಳೆಯೊಳಗಿನ ನೀರು ಇಳಿಯಿತು, ಬೆರಳಗಲ ಒಣನೆಲ ಕಂಡಿತು. ಕೈ ಬಿಟ್ಟರೆ ನೀರು ಮೆಲ್ಲಗೆ ಜಿನುಗಿ ತುಂಬುತ್ತಿತ್ತು. ಅತ್ತೆ ಮತ್ತೆ ಒತ್ತಿದರು. ಆ ಪಂಪನ್ನು ಅವರು ಆ ದಿನ ಎಷ್ಟು ಸಲ ಒತ್ತಿದರೋ ದೇವರಿಗೇ ಗೊತ್ತು. "ಅಮ್ಮಾ, ಕೈ ನೋಯುತ್ತೆ" ಎಂದು ದೊಡ್ಡಕ್ಕ ಹೇಳಿದ್ದು ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ಊಟದ ಬುತ್ತಿ ಬಿಚ್ಚಿ ತಿಂದು ಮತ್ತೆ ಪಂಪಿನ ಬಳಿಗೇ ಬಂದರು. ಹೊಸದಾಗಿ ಒಳಬಂದವರನ್ನು ಕರೆದು ಕರೆದು ತಾವೇ ತೋರಿಸತೊಡಗಿದರು, ಗೈಡ್ ಪಕ್ಕಕ್ಕೆ ನಿಂತು ಶುಂಠಿ ಟೀ ಕುಡಿದ.

ಕಾವಲುಗಾರ ಬಾಗಿಲು ಹಾಕುವ ಹೊತ್ತಾಯಿತು ಎಂದಾಗಲೇ ಅವರು ಹೊರಬಂದದ್ದು. ಹೊಳೆಯ ಮೇಲೆ ಬಿಸಿಲು ಕೆಂಪಾಗಿತ್ತು. ಮೈಕಮ್ಮನ ಮನಸ್ಸು ತುಂಬಿಕೊಂಡಿತ್ತು. ಅತ್ತೆಯ ಕೈ ಹಿಡಿದು ಬಸ್ಸು ನಿಲ್ಲುವ ಕಟ್ಟೆಗೆ ನಡೆದಳು. ಎಲ್ಲರೂ ಕೂತರು.

ದೊಡ್ಡಕ್ಕ ಕೇಳಿದರು, "ವಾಪಸ್ ಬಸ್ಸು ಎಷ್ಟೊತ್ತಿಗೆ?"

ಮೈಕಮ್ಮ ಬಾಯಿ ತೆರೆದಳು. ಬಾಯಿ ತೆರೆದೇ ಇತ್ತು.

ಹೊರಡುವ ಬಸ್ಸುಗಳಲ್ಲಿ ಆಕೆಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಯಾವ ಬಸ್ಸಿನ ಯಾವ ಸೀಟಿನ ಸ್ಪ್ರಿಂಗು ಚುಚ್ಚುತ್ತದೆಂಬುದೂ ಗೊತ್ತಿತ್ತು. ಆದರೆ ಹೋದ ಬಸ್ಸು ವಾಪಸ್ ಬರಬೇಕೆಂಬುದು, ಬರಲು ಅದಕ್ಕೂ ಒಂದು ಹೊತ್ತು ಇರುತ್ತದೆಂಬುದು, ಆಚೆ ಕೋಣೆಯವನು ದಿನಾ ಮೈಕಿನಲ್ಲಿ ಹೇಳುತ್ತಿದ್ದದ್ದು ಅದನ್ನೇ ಎಂಬುದು ಇಷ್ಟು ದಿನದ ತಯಾರಿಯಲ್ಲಿ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಎದುರಿನ ಟೀ ಅಂಗಡಿಯವನು ಬೆಂಚು ಎತ್ತಿ ಒಳಗಿಡುತ್ತಿದ್ದ. ಮೈಕಮ್ಮ ಓಡಿಹೋಗಿ ಕೇಳಿದಳು.

"ವಾಪಸ್ ಬಸ್ಸಾ? ಆಗಲೇ ಹೋಯ್ತಲ್ಲಮ್ಮ. ಭಾನುವಾರ ಕಡೇ ಬಸ್ಸು ಬೇಗ. ಇನ್ನು ನಾಳೆ ಬೆಳಿಗ್ಗೇನೇ."

"ಮತ್ತೆ ಈ ಕಡೆಯಿಂದ ಹೋಗೋರು ಏನು ಮಾಡ್ತಾರೆ?"

"ಬಸ್ಸು ಎಷ್ಟೊತ್ತಿಗೆ ಅಂತ ಮೊದಲೇ ಕೇಳ್ಕೊಂಡು ಬರ್ತಾರೆ" ಎಂದ ಅವನು. ಚುಚ್ಚಬೇಕೆಂದು ಹೇಳಿದ್ದಲ್ಲ. ಚುಚ್ಚಿತು.

ದೊಡ್ಡಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸೂರ್ಯ ಸೇತುವೆಯ ಕಮಾನಿನಾಚೆ ಇಳಿಯುವುದನ್ನು ತಾಳ್ಮೆಯಿಂದ ನೋಡುತ್ತ ಕೂತರು. ಪಂದ್ಯದ ಫಲಿತಾಂಶ ಆಕಾಶವೇ ಹೇಳುತ್ತಿರುವಾಗ ಅವರು ಬಾಯಿ ನೋಯಿಸಿಕೊಳ್ಳುವುದೇಕೆ? ಗಂಡ ಮಾತ್ರ "ದರ್ಜಿ ಇಷ್ಟೊತ್ತಿಗೆ ಮಷೀನು ಮುಚ್ಚಿಟ್ಟು ಹೋಗಿರ್ತಾನೆ" ಎಂದು ನಿಟ್ಟುಸಿರು ಬಿಟ್ಟ. ಅತ್ತೆ ಹೊಳೆಯ ಕಂಬಗಳನ್ನು ಬೆರಳಿನಲ್ಲಿ ತೋರಿಸಿಕೊಂಡು ಒಂದೊಂದನ್ನೂ ಮನಸ್ಸಿನಲ್ಲೇ ಪಂಪು ಒತ್ತಿ ಕಟ್ಟುತ್ತಿದ್ದರು.

ಪೂರಾ ಕತ್ತಲಾದ ಮೇಲೆ ಒಂದು ಹಾಲಿನ ಟೆಂಪೋ ಬಂತು. ಹಿಂದೆ ತುಂಬ ಖಾಲಿ ಕ್ಯಾನುಗಳು. ಮೈಕಮ್ಮ ರಸ್ತೆಗೇ ಅಡ್ಡ ನಿಂತಳು. ಡ್ರೈವರ್ ಒಳ್ಳೆಯವನು, ಮುಂದೆ ಒಬ್ಬರಿಗೆ ಜಾಗವಿದೆ, ಅಜ್ಜಿ ಬರಲಿ ಎಂದ. ಅತ್ತೆ ಒಪ್ಪಲಿಲ್ಲ. "ಮುಂದೆ ಕೂತರೆ ಗಾಳಿ ಎಲ್ಲಿ ಬರುತ್ತೆ? ನಾನು ಹಿಂದೇನೇ" ಎಂದು ಹಟ ಹಿಡಿದರು. ಅವರನ್ನು ಎತ್ತಿ ಹತ್ತಿಸುವಷ್ಟರಲ್ಲಿ ಗಂಡನ ಸೊಂಟ ಹಿಡಿಯಿತು, ಮುಂದಿನ ಸೀಟು ಅವನ ಪಾಲಾಯಿತು. ಹಿಂದೆ ಟಾರ್ಪಾಲಿನ ಮೇಲೆ ಮೂವರು ಹೆಂಗಸರು. ನಡುವೆ ಅತ್ತೆ, ಎರಡು ಶಾಲು ಹೊದ್ದು, ಕಾಲು ಚಾಚಿಕೊಂಡು. ಟೆಂಪೋ ಹೊರಟಿತು. ಕ್ಯಾನುಗಳು ಒಂದಕ್ಕೊಂದು ಬಡಿದು ಮದುವೆ ಮನೆಯ ಪಾತ್ರೆ ಕೋಣೆಯಂತೆ ಸದ್ದಾಯಿತು.

ಸ್ವಲ್ಪ ದೂರ ಹೋದ ಮೇಲೆ ದೊಡ್ಡಕ್ಕ ಹೇಳಿದರು, "ಮಾತು ಅಂದ್ರೆ ಮಾತು. ನಾಳೆ ಗಾಡಿ ತರ್ತೀನಿ. ಅಮ್ಮನ ಬಟ್ಟೆ ಬರೆ ಕಟ್ಟಿಡು."

ಮೈಕಮ್ಮ ತಲೆ ಆಡಿಸಿದಳು. ಕಣ್ಣಲ್ಲಿ ನೀರು ಬಂತು. ಕತ್ತಲಿದ್ದದ್ದು ಅಷ್ಟರಮಟ್ಟಿಗೆ ಒಳ್ಳೆಯದಾಯಿತು.

"ಏನಂತೆ?" ಎಂದರು ಅತ್ತೆ.

ದೊಡ್ಡಕ್ಕ ಈ ಸಲ ತಾವೇ ಹೇಳಲು ಹೊರಟರು. "ಅಮ್ಮಾ, ನಾಳೆಯಿಂದ ನೀನು ನನ್ನ ಮನೇಲಿ!" ಎಂದು ಕೂಗಿದರು. ಕ್ಯಾನು ಸದ್ದು ಮಾಡಿತು. "ಎಲ್ಲಿ ಹಳ್ಳಿ?" ಎಂದು ಅತ್ತೆ ರಸ್ತೆ ಬದಿ ನೋಡಿದರು. ದೊಡ್ಡಕ್ಕ ಕಿವಿಯ ಹತ್ತಿರ ಬಾಯಿಟ್ಟು ಮತ್ತೆ ಕೂಗಿದರು. ಅತ್ತೆ ಕಿವಿ ಉಜ್ಜಿಕೊಂಡು ಹಿಂದೆ ಸರಿದರು. ಮೂರನೇ ಸಲ ಕೂಗಿ ದೊಡ್ಡಕ್ಕನಿಗೆ ಕೆಮ್ಮು ಬಂತು.

"ನೀನೇ ಹೇಳಮ್ಮ" ಎಂದರು ಕೊನೆಗೆ, ಸೋತು.

ಈಗ ಮೈಕಮ್ಮ ಏನು ಬೇಕಾದರೂ ಹೇಳಬಹುದಿತ್ತು. "ದೊಡ್ಡಕ್ಕನಿಗೆ ಹಸಿವಂತೆ" ಎಂದಿದ್ದರೆ ಅತ್ತೆ ಬುತ್ತಿ ಚೀಲ ಹುಡುಕುತ್ತಿದ್ದರು, ಮಂಚದ ಮಾತು ಕ್ಯಾನಿನ ಸದ್ದಿನಲ್ಲಿ ಹೋಗುತ್ತಿತ್ತು. ಆಸೆಯೂ ಆಯಿತು. ಆದರೆ ಬೇಕೆಂದು ಒಬ್ಬರನ್ನು ತಪ್ಪು ಬಸ್ಸಿಗೆ ಹತ್ತಿಸಲು ಆ ಬಾಯಿ ಒಪ್ಪಲಿಲ್ಲ. ಆಕೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅತ್ತೆ. ದೊಡ್ಡಕ್ಕ. ನಿಮ್ಮನ್ನ. ತಮ್ಮ ಮನೆಗೆ ಕರ್ಕೊಂಡು ಹೋಗ್ತಾರೆ. ನಾಳೆ. ಇನ್ನು ಮೇಲೆ. ಅಲ್ಲೇ ಇರೋದು. ಕತ್ತಲಾಗೋ ಮುಂಚೆ. ನಿಮ್ಮನ್ನ ಮನೆಗೆ ಸೇರಿಸ್ತೀನಿ ಅಂತ. ನಾನು ಮಾತು ಕೊಟ್ಟಿದ್ದೆ. ಸೇರಿಸಲಿಲ್ಲ."

ಧ್ವನಿ ಎಲ್ಲೂ ನಡುಗಲಿಲ್ಲ. ಹೇಳಿ ಮುಗಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅತ್ತೆ ಸೊಸೆಯನ್ನು ನೋಡಿದರು, ಮಗಳನ್ನು ನೋಡಿದರು, ಮೇಲೆ ನಕ್ಷತ್ರಗಳನ್ನೂ ನೋಡಿದರು. ಗಾಳಿಗೆ ಅವರ ಬಿಳಿ ಕೂದಲು ಎದ್ದು ಹಾರುತ್ತಿತ್ತು.

"ಅವಳ ಮನೇಲಿ ದಿನಾ ಕತ್ತಲಾಗೋ ಮುಂಚೆ ಒಳಗಿರಬೇಕಾ, ಕೇಳು."

ಮೈಕಮ್ಮ ದೊಡ್ಡಕ್ಕನ ಕಡೆ ತಿರುಗಿದಳು.

"ಮತ್ತಿನ್ನೇನು?" ಎಂದರು ದೊಡ್ಡಕ್ಕ. "ದೀಪ ಹಾಕೋ ಹೊತ್ತಿಗೆ ಊಟ, ಮಾತ್ರೆ, ಆಮೇಲೆ ನಿದ್ದೆ. ರಾಣಿ ಥರ ನೋಡ್ಕೋತೀನಿ."

"ಹೌದಂತೆ, ಅತ್ತೆ. ದೀಪ ಹಾಕೋ ಹೊತ್ತಿಗೆ. ಊಟ. ಮಾತ್ರೆ. ಆಮೇಲೆ ನಿದ್ದೆ. ರಾಣಿ ಥರ."

"ಹಾಗಾದ್ರೆ ನಾನು ಬರಲ್ಲ ಅಂತ ಹೇಳು."

ಮೈಕಮ್ಮ ಮತ್ತೆ ದೊಡ್ಡಕ್ಕನ ಕಡೆ ತಿರುಗಿದಳು. ಬಾಯಿ ತೆರೆದಳು. ಇಡೀ ಊರನ್ನು ಎಬ್ಬಿಸಿ ಓಡಿಸುವ ಧ್ವನಿ, ಎಲ್ಲಿ ಹೋಯಿತೋ, ಒಂದಕ್ಷರವೂ ಹೊರಡಲಿಲ್ಲ.

"ಹೇಳಬೇಡ" ಎಂದರು ದೊಡ್ಡಕ್ಕ. "ನನಗೆ ಕಿವಿ ಚೆನ್ನಾಗೇ ಕೇಳಿಸುತ್ತೆ."

ಟೆಂಪೋ ಒಂದು ಗುಂಡಿ ಇಳಿದು ಹತ್ತಿತು. ಕ್ಯಾನುಗಳು ಎದ್ದು ಕೂತವು. ದೊಡ್ಡಕ್ಕ ಆ ಕಡೆ ಮುಖ ತಿರುಗಿಸಿ ಬಹಳ ಹೊತ್ತು ರಸ್ತೆ ನೋಡಿದರು. ಆಮೇಲೆ ಅದೇ ಕಡೆ ನೋಡುತ್ತಲೇ, ಮೆಲ್ಲಗೆ, ಮೈಕಮ್ಮನಿಗೆ ಹೇಳಿದರು.

"ಅಮ್ಮನಿಗೆ ಚಳಿ ಆಗ್ತಾ ಇದೆಯಾ, ಕೇಳು."

ಮೈಕಮ್ಮ ಕೇಳಿದಳು.

"ಆಗ್ತಾ ಇದೆ" ಎಂದರು ಅತ್ತೆ. "ಚೆನ್ನಾಗಿದೆ ಅಂತ ಹೇಳು."